ಇಟಲಿಯ ಹಳೆಯ ಡ್ರಾಯರ್ ಪೆಟ್ಟಿಗೆ: ‘ಸೆಟ್ಟೆಚೆಂಟೊ’ ಎಂದರೆ ನಂಬಬಹುದೇ?

ಟ್ಯೂರಿನ್_ವಾಸಿ
ಎಲ್ಲರಿಗೂ ನಮಸ್ಕಾರ. ನಾವು ಟ್ಯೂರಿನ್‌ಗೆ ಬಂದು ಆರು ವರ್ಷವಾಯಿತು. ನಮ್ಮ ಮನೆಯ ಒಡತಿಗೆ ಎಂಬತ್ತು ದಾಟಿದೆ. ಅವರು ಹಳ್ಳಿಯಲ್ಲಿರುವ ತವರುಮನೆಯನ್ನು ಮಾರುತ್ತಿದ್ದಾರೆ. ಅಲ್ಲಿರುವ ಮೂರು ಡ್ರಾಯರುಗಳ ಮರದ ಪೆಟ್ಟಿಗೆಯನ್ನು 2,500 ಯೂರೊಗೆ ನಮಗೆ ಕೊಡುತ್ತೇನೆ ಎಂದಿದ್ದಾರೆ. ಇಲ್ಲಿನವರು ಇದನ್ನು ಕಸ್ಸೆತ್ತೋನೆ ಎನ್ನುತ್ತಾರೆ, ಮನೆಮಾತಿನಲ್ಲಿ ಕೊಮೊ.

ಮರ ವಾಲ್‌ನಟ್. ಮುಂಭಾಗ ನೆಟ್ಟಗಿದೆ, ಉಬ್ಬು ತಗ್ಗು ಇಲ್ಲ. ಕಾಲುಗಳು ಚೌಕಾಕಾರ, ಕೆಳಗೆ ಹೋಗುತ್ತಾ ಸಣ್ಣಗಾಗುತ್ತವೆ. ನಡುವಿನ ಡ್ರಾಯರಿನ ಮೇಲೆ ಅಂಡಾಕಾರದ ಚೌಕಟ್ಟು, ಅದರೊಳಗೆ ಬೇರೆ ಬೇರೆ ಬಣ್ಣದ ಮರದ ಚೂರುಗಳಿಂದ ಕೂರಿಸಿದ ಹೂದಾನಿ. ಅಜ್ಜಿ ಹೇಳುವುದು ‘ಸೆಟ್ಟೆಚೆಂಟೊ, ಲುಯಿಜಿ ಸೇದಿಚಿ’ ಎಂದು. ಹದಿನೇಳನೆಯ ಶತಮಾನದ್ದು ಈ ಬೆಲೆಗೆ ಸಿಗುವುದು ಪುಣ್ಯ ಎನ್ನುತ್ತಾರೆ ನನ್ನ ಯಜಮಾನರು. ನನಗೆ ಮಾತ್ರ ಅನುಮಾನ. ತಿಳಿದವರು ದಯವಿಟ್ಟು ಹೇಳಿ.

ಇತಿಹಾಸ_ಪ್ರಿಯೆ
ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಸೆಟ್ಟೆಚೆಂಟೊ ಎಂದರೆ ಏಳುನೂರು, ಅಂದರೆ 1700ರಿಂದ 1799. ನಮ್ಮ ಲೆಕ್ಕದಲ್ಲಿ ಅದು ಹದಿನೆಂಟನೆಯ ಶತಮಾನ. ಹದಿನೇಳನೆಯ ಶತಮಾನಕ್ಕೆ ಅವರು ಸೇಚೆಂಟೊ ಎನ್ನುತ್ತಾರೆ. ಲುಯಿಜಿ ಸೇದಿಚಿ ಎಂದರೆ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ. ಅವನು ಪಟ್ಟಕ್ಕೆ ಬಂದದ್ದೇ 1774ರಲ್ಲಿ. ಯಜಮಾನರ ಪುಣ್ಯದ ಲೆಕ್ಕದಲ್ಲಿ ನೂರು ವರ್ಷ ಹೆಚ್ಚಾಗಿದೆ.

ಟ್ಯೂರಿನ್_ವಾಸಿ
ಧನ್ಯವಾದ ಅಕ್ಕ. ಇದನ್ನು ಅವರಿಗೆ ಓದಿ ಹೇಳಿದೆ. ‘ಹಾಗಾದರೂ ಇನ್ನೂರ ಐವತ್ತು ವರ್ಷವಾಯಿತಲ್ಲ’ ಎಂದರು.

ಹಳೆಯ_ಗರಗಸ
ಆಗಿರಬಹುದು, ಆಗಿಲ್ಲದಿರಬಹುದು. ಲುಯಿಜಿ ಸೇದಿಚಿ ಎನ್ನುವುದು ಶೈಲಿಯ ಹೆಸರು, ತಾರೀಖಲ್ಲ. ಇಟಲಿಯ ವ್ಯಾಪಾರಿಗಳ ಚೀಟಿಯನ್ನು ಗಮನವಿಟ್ಟು ಓದಿ. ‘ದೇಪೊಕ’ ಎಂದು ಬರೆದರೆ ಆ ಕಾಲದಲ್ಲೇ ಮಾಡಿದ್ದು ಎಂದರ್ಥ. ‘ಇನ್ ಸ್ತೀಲೆ’ ಎಂದರೆ ಆ ಕಾಲದ ರೀತಿಯಲ್ಲಿ ಮಾಡಿದ್ದು, ನಿನ್ನೆ ಮಾಡಿದ್ದಾದರೂ ಸರಿಯೇ. ವೆರೋನಾ ಜಿಲ್ಲೆಯ ಚೆರೆಯ, ಬೊವೊಲೋನೆ ಊರುಗಳಲ್ಲಿ ಕಳೆದ ಶತಮಾನದುದ್ದಕ್ಕೂ ಹಳೆಯ ಶೈಲಿಯ ಪೀಠೋಪಕರಣಗಳನ್ನು ಮಾಡಿ ಮಾರಿದ್ದಾರೆ. ಅದು ಮೋಸವಲ್ಲ, ಅವರ ಕಸುಬು. ಅದೇ ಪೆಟ್ಟಿಗೆ ಮೂರು ಕೈ ದಾಟಿ, ನಾಲ್ಕನೆಯವರು ಅದನ್ನು ಏಳುನೂರರದ್ದು ಎಂದಾಗ ಮೋಸ ಶುರುವಾಗುತ್ತದೆ.

ನಾನು ಹದಿನೈದು ವರ್ಷದಿಂದ ಹಳೆಯ ಮರಸಾಮಾನು ರಿಪೇರಿ ಮಾಡುತ್ತಿದ್ದೇನೆ. ಮುಂಭಾಗ ನೋಡಿ ಯಾವತ್ತೂ ತೀರ್ಮಾನ ಮಾಡಿಲ್ಲ. ಅದು ನಾಲ್ಕು ಜನ ನೋಡಲಿ ಎಂದೇ ಮಾಡಿದ್ದು. ಡ್ರಾಯರ್ ಪೂರ್ತಿ ಹೊರಗೆಳೆದು ಬೋರಲು ಹಾಕಿ. ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿ ಬೆನ್ನು ನೋಡಿ. ಯಾರೂ ನೋಡುವುದಿಲ್ಲ ಎಂದುಕೊಂಡು ಬಡಗಿ ಬಿಟ್ಟ ಗುರುತುಗಳು ಅಲ್ಲಿರುತ್ತವೆ.

ಕರಾವಳಿಯವ
ಹುಳು ತಿಂದ ತೂತು ಇದೆಯೇ ನೋಡಿ. ಇದ್ದರೆ ಹಳೆಯದೇ, ಸಂಶಯ ಬೇಡ.

ಹಳೆಯ_ಗರಗಸ
ಈ ಮಾತಿನಿಂದ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ! ಹುಳು ಹೊಸ ಮರವನ್ನೂ ತಿನ್ನುತ್ತದೆ. ಸಣ್ಣ ಬೈರಿಗೆಯಿಂದ ತೂತು ಕೊರೆದವರನ್ನೂ ನಾನು ಕಂಡಿದ್ದೇನೆ. ನೋಡಬೇಕಾದದ್ದು ಬೇರೆ. ಹುಳು ಮರದೊಳಗೆ ಅಡ್ಡಾದಿಡ್ಡಿ ಸುರಂಗ ಕೊರೆದು, ಕೊನೆಗೆ ಒಂದೆರಡು ಮಿಲಿಮೀಟರಿನ ದುಂಡು ತೂತು ಮಾಡಿ ಹೊರಬರುತ್ತದೆ. ಆದ್ದರಿಂದ ಮೇಲ್ಮೈಯಲ್ಲಿ ಕಾಣಬೇಕಾದದ್ದು ತೂತು ಮಾತ್ರ. ಸುರಂಗವೇ ಕಾಲುವೆಯಂತೆ ಬಾಯಿ ತೆರೆದು ಉದ್ದಕ್ಕೆ ಕಂಡರೆ, ಹುಳು ತಿಂದ ಹಳೆಯ ಹಲಗೆಯನ್ನು ಯಾರೋ ಆಮೇಲೆ ಕೊಯ್ದು ಬಳಸಿದ್ದಾರೆ ಎಂದು ತಿಳಿಯಿರಿ. ಹಳೆಯ ಬಾಗಿಲು, ತೊಲೆಗಳಿಂದ ‘ಪುರಾತನ’ ಪೆಟ್ಟಿಗೆ ಮಾಡಿದಾಗ ಸಿಗುವ ಗುರುತು ಅದು.

ಕರಾವಳಿಯವ
ಸರಿ, ಒಪ್ಪಿದೆ. ನಮ್ಮ ಕಡೆ ಕುಟ್ಟೆ ಹಿಡಿದರೆ ಸೀಮೆಎಣ್ಣೆ ಹಚ್ಚುತ್ತಿದ್ದರು. ಇದಕ್ಕೂ ಹಚ್ಚಬಹುದೇ?

ಹಳೆಯ_ಗರಗಸ
ಖಂಡಿತ ಬೇಡ. ಪಾಲಿಶ್ ಹಾಳಾಗುತ್ತದೆ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಬೆಂಕಿಯ ಭಯ ಬೇರೆ. ತೂತಿನ ಕೆಳಗೆ ತಿಳಿಬಣ್ಣದ ಹೊಸ ಪುಡಿ ಬೀಳುತ್ತಿದ್ದರೆ ಮಾತ್ರ ಹುಳು ಜೀವಂತವಿದೆ. ಆಗ ಈ ಕೆಲಸ ಬಲ್ಲವರಿಗೆ ಒಪ್ಪಿಸಿ.

ಮಿಲಾನ್_ಕನ್ನಡತಿ
ನೆಟ್ಟನೆಯ ಮುಂಭಾಗ, ಸಣ್ಣಗಾಗುವ ಚೌಕ ಕಾಲು, ಅಂಡಾಕಾರದ ಚೌಕಟ್ಟು, ಹೂದಾನಿ ಎಂದು ಓದಿದ ಕೂಡಲೇ ನೆನಪಾದದ್ದು ಜುಸೆಪ್ಪೆ ಮಜ್ಜೊಲೀನಿ. ಮಿಲಾನ್ ಹತ್ತಿರದ ಪರಾಬಿಯಾಗೊ ಊರಿನವನು. 1738ರಲ್ಲಿ ಹುಟ್ಟಿ 1814ರಲ್ಲಿ ತೀರಿಕೊಂಡ. ಹಳ್ಳಿಯ ಬಡಗಿಯಾಗಿದ್ದವನು ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಫರ್ಡಿನೆಂಡನ ಆಸ್ಥಾನಕ್ಕೆ ಕೆಲಸ ಮಾಡುವ ಮಟ್ಟಕ್ಕೆ ಏರಿದ. ಹೆಚ್ಚಾಗಿ ಹತ್ತಾರು ಜಾತಿಯ ಮರಗಳ ಸಹಜ ಬಣ್ಣಗಳಿಂದಲೇ ಚಿತ್ರ ಕಟ್ಟುತ್ತಿದ್ದ. ಆಂದ್ರೆಯಾ ಅಪ್ಪಿಯಾನಿಯಂಥ ಚಿತ್ರಕಾರರು ಅವನಿಗೆ ನಕ್ಷೆ ಬರೆದುಕೊಟ್ಟಿದ್ದರು. ಅವನ ಕಾರ್ಯಾಗಾರದ ನಕ್ಷೆಗಳು ಇಲ್ಲಿನ ಸ್ಫೋರ್ಜಾ ಕೋಟೆಯ ಸಂಗ್ರಹದಲ್ಲಿವೆ. ಅವನ ಕೆಲಸದ ಎದುರು ನಾನು ಒಮ್ಮೆ ಅರ್ಧ ಗಂಟೆ ನಿಂತಿದ್ದೆ. ಒಂದು ಎಲೆಯ ಬಿಸಿಲು ಬಿದ್ದ ಬದಿಗೆ ಒಂದು ಮರ, ನೆರಳಿನ ಬದಿಗೆ ಇನ್ನೊಂದು ಮರ. ಅಂಥ ಕೈ ಮತ್ತೆ ಹುಟ್ಟುವುದು ಕಷ್ಟ.

ಲೆಕ್ಕಪತ್ರ
ಹಾಗಾದರೆ ಇದು ಮಜ್ಜೊಲೀನಿಯದೇ ಆಗಿದ್ದರೆ? ಈಗಲೇ ಹಣ ಕೊಟ್ಟು ಮನೆಗೆ ತನ್ನಿ!

ಮಿಲಾನ್_ಕನ್ನಡತಿ
ದಯವಿಟ್ಟು ಹಾಗೆ ಹೇಳಬೇಡಿ. ಅವನ ಮಗ, ಅವನ ಶಿಷ್ಯರು, ಅವರನ್ನು ನೋಡಿ ಕಲಿತ ಊರೂರಿನ ಬಡಗಿಗಳು, ನೂರು ವರ್ಷದ ಮೇಲೆ ನಕಲು ಮಾಡಿದವರು, ಎಲ್ಲರೂ ಇದೇ ಅಚ್ಚಿನಲ್ಲಿ ಮಾಡಿದ್ದಾರೆ. ಉತ್ತರ ಇಟಲಿಯಲ್ಲಿ ಹೂದಾನಿ ಇರುವ ಪ್ರತಿಯೊಂದು ಪೆಟ್ಟಿಗೆಗೂ ‘ಮಜ್ಜೊಲೀನಿ’ ಎಂಬ ಹೆಸರು ಅಂಟಿಸುತ್ತಾರೆ.

ಬೀಟೆ_ಕೆಲಸಗಾರ
ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಮನೆತನ ನಮ್ಮದು. ಒಂದು ವ್ಯತ್ಯಾಸ ಹೇಳುತ್ತೇನೆ. ನಾವು ಬೀಟೆಯ ಗಟ್ಟಿ ಹಲಗೆಯ ಮೇಲೆ ಗುರುತು ಹಾಕಿ, ಉಳಿಯಿಂದ ತಗ್ಗು ತೆಗೆದು, ಅದರೊಳಗೆ ಚೂರನ್ನು ಕೂರಿಸುತ್ತೇವೆ. ಹಿಂದೆ ದಂತ ಕೂರಿಸುತ್ತಿದ್ದರು, ದಂತ ನಿಷೇಧವಾದ ಮೇಲೆ ಬೇರೆ ಬೇರೆ ಬಣ್ಣದ ಮರ. ಇಟಲಿಯ ಈ ಪೆಟ್ಟಿಗೆಗಳಲ್ಲಿ ತೆಳು ಪದರದ ಮರದಿಂದ ಇಡೀ ಚಿತ್ರವನ್ನು ಕೊಯ್ದು ಜೋಡಿಸಿ, ಆ ಪದರವನ್ನೇ ಅಗ್ಗದ ಮರದ ಒಡಲಿಗೆ ಅಂಟಿಸುತ್ತಾರೆ. ಆದ್ದರಿಂದ ಆ ಪದರದ ದಪ್ಪ ನೋಡಿ ಮೇಡಂ. ಅಂಚಿನಲ್ಲಿ ಎಲ್ಲಾದರೂ ಚಕ್ಕೆ ಎದ್ದಿದ್ದರೆ ತಿಳಿಯುತ್ತದೆ. ಕೈಗರಗಸದಿಂದ ಕೊಯ್ದ ಪದರ ಒಂದೂವರೆ, ಎರಡು ಮಿಲಿಮೀಟರ್ ಇರುತ್ತದೆ, ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯಂತ್ರದ ಬ್ಲೇಡಿನಿಂದ ಸೀಳಿದ್ದು ಕಾಗದದ ಹಾಗೆ, ಒಂದು ಮಿಲಿಮೀಟರಿಗಿಂತ ಕಡಿಮೆ.

ಮಲೆನಾಡಿನ_ಮನೆ
ನಮ್ಮ ಅಜ್ಜಿಯ ಸಂದೂಕ ನೆನಪಾಯಿತು. ತಳದಲ್ಲಿರುವ ರೇಷ್ಮೆ ಸೀರೆ ಬೇಕೆಂದರೆ ಮೇಲಿನದೆಲ್ಲವನ್ನೂ ಹಾಸಿಗೆಯ ಮೇಲೆ ಹರಡಬೇಕಿತ್ತು. ಇಟಲಿಯವರು ಡ್ರಾಯರ್ ಯಾವಾಗ ಕಂಡುಕೊಂಡರು?

ಇತಿಹಾಸ_ಪ್ರಿಯೆ
ಅವರಿಗೂ ಮೊದಲು ಇದ್ದದ್ದು ನಿಮ್ಮ ಅಜ್ಜಿಯ ಸಂದೂಕದಂಥದ್ದೇ. ಕಸ್ಸೋನೆ ಎನ್ನುತ್ತಿದ್ದರು, ಮೇಲೆ ಮುಚ್ಚಳ ಎತ್ತುವ ಉದ್ದ ಪೆಟ್ಟಿಗೆ. ಮದುವೆಗೆ ಜೋಡಿಯಾಗಿ ಮಾಡಿಸಿ, ಮುಂಭಾಗದಲ್ಲಿ ಚಿತ್ರ ಬರೆಸಿ, ವಧುವಿನ ಬಟ್ಟೆಬರೆ ತುಂಬಿಸುತ್ತಿದ್ದರು. ಫ್ಲಾರೆನ್ಸಿನಲ್ಲಿ 1472ರ ಮೊರೆಲ್ಲಿ ಮತ್ತು ನೆರ್ಲಿ ಮನೆತನಗಳ ಮದುವೆಗೆ ಮಾಡಿಸಿದ ಜೋಡಿ ಈಗ ಲಂಡನ್ನಿನ ಕೋರ್ಟೌಲ್ಡ್ ಸಂಗ್ರಹದಲ್ಲಿದೆ.

ಡ್ರಾಯರುಗಳನ್ನು ಒಂದರ ಮೇಲೊಂದು ಪೇರಿಸಿದ ದೊಡ್ಡ ಪೆಟ್ಟಿಗೆ ಮನೆಮನೆಗೆ ಬಂದದ್ದು ಸೇಚೆಂಟೊದಲ್ಲಿ, ಅಂದರೆ 1600ರಿಂದ 1699ರ ನಡುವೆ. ಆ ಕಾಲದವು ಕೋಟೆಯಂತೆ ಭಾರ. ದಪ್ಪ ವಾಲ್‌ನಟ್, ಮೂಲೆಗಳಲ್ಲಿ ಕೆತ್ತಿದ ಕಂಬ, ಉಬ್ಬುಪಟ್ಟಿ. ಜಿನೋವಾದವರು ಮೂಲೆಗಳಲ್ಲಿ ಪುಟ್ಟ ಪುಟ್ಟ ಮನುಷ್ಯರನ್ನು ಕೆತ್ತುತ್ತಿದ್ದರು, ಅದಕ್ಕೆ ‘ಬಂಬೋಚಿ’ ಎಂಬ ಹೆಸರೇ ಇದೆ. 1700ರ ಮೊದಲರ್ಧ ದಾಟುವಾಗ ಪೆಟ್ಟಿಗೆಗೆ ಹೊಟ್ಟೆ ಬಂತು, ಮುಂಭಾಗ ಅಲೆಯಂತೆ ಬಾಗಿತು, ಕಾಲು ಬಳುಕಿತು. 1770ರ ಆಚೀಚೆ ಮತ್ತೆ ನೆಟ್ಟಗಾಯಿತು. ನೆಪೋಲಿಯನ್ ಬಂದ ಮೇಲೆ ಎರಡೂ ಬದಿಗೆ ಕಂಬ, ಚಿನ್ನದ ನೀರು ಕೊಟ್ಟ ಕಂಚು. 1830ರ ನಂತರ, ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಕಾಲದಲ್ಲಿ ಮೂಲೆಗಳು ದುಂಡಗಾದವು. ಹಾಗೆ ನೋಡಿದರೆ ನಿಮ್ಮ ಪೆಟ್ಟಿಗೆಯ ರೂಪ 1770ರಿಂದ 1800ರದ್ದು. ರೂಪ ಮಾತ್ರ, ಮತ್ತೆ ಹೇಳುತ್ತೇನೆ.

ವೆನಿಸ್_ನೆನಪು
ಎಲ್ಲರೂ ವಾಲ್‌ನಟ್, ವಾಲ್‌ನಟ್ ಎನ್ನುತ್ತಿದ್ದೀರಿ. ವೆನಿಸ್ಸಿನ ಬಣ್ಣದ ಪೆಟ್ಟಿಗೆಗಳ ಮಾತೇ ಇಲ್ಲವಲ್ಲ! ಕಾ ರೆಜ್ಜೋನಿಕೊ ಅರಮನೆಗೆ ಹೋಗಿ ನೋಡಿ. ತಿಳಿಹಸಿರು, ಕೆನೆಬಣ್ಣ, ಮೇಲೆ ಹೂಗಳು. ಚೀನಾ, ಜಪಾನಿನ ಅರಗಿನ ಕೆಲಸ ನೋಡಿ ಮರುಳಾಗಿ ತಮ್ಮದೇ ದಾರಿ ಕಂಡುಕೊಂಡರು. ಅದು ಸಾಧ್ಯವಾಗದ ಮನೆಗಳಿಗೆ ಇನ್ನೂ ಸೊಗಸಾದ ಉಪಾಯವಿತ್ತು. ಬಸ್ಸಾನೊ ಊರಿನ ರೆಮೊಂದೀನಿ ಮುದ್ರಣಾಲಯದವರು ಅಚ್ಚು ಹಾಕಿದ ಚಿತ್ರಗಳನ್ನು ತಂದು, ಬಣ್ಣ ತುಂಬಿ, ಕತ್ತರಿಸಿ ಅಂಟಿಸಿ, ಮೇಲೆ ಪದರ ಪದರವಾಗಿ ವಾರ್ನಿಶ್ ಬಳಿಯುತ್ತಿದ್ದರು. ಅದರ ಹೆಸರು ‘ಲಕ್ಕಾ ಪೋವೆರ’, ಬಡವರ ಅರಗು. ಇಂದು ಅದರ ಬೆಲೆ ಕೇಳಿದರೆ ಬಡವರು ಹತ್ತಿರ ಸುಳಿಯುವ ಹಾಗಿಲ್ಲ.

ಬೀಟೆ_ಕೆಲಸಗಾರ
ಲಕ್ಕಾ ಎಂದರೆ ನಮ್ಮ ಅರಗೇ? ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು?

ಹಳೆಯ_ಗರಗಸ
ಲಕ್ಕಾ ಎಂಬ ಹೆಸರು ಅರಗಿಗೆ ಸಂಸ್ಕೃತದಲ್ಲಿರುವ ಲಾಕ್ಷಾ ಎಂಬ ಪದದ ಬೇರಿನದು, ಸಾಮಗ್ರಿ ಬೇರೆ. ವೆನಿಸ್ಸಿನವರು ಹೆಚ್ಚಾಗಿ ಬಳಿಯುತ್ತಿದ್ದದ್ದು ಸಾಂಡರಾಕ್ ಎಂಬ ಮರದ ರಾಳದ ವಾರ್ನಿಶ್. ಆದರೆ ನಿಮ್ಮ ಅರಗು ಇನ್ನೊಂದು ದಾರಿಯಲ್ಲಿ ಇಟಲಿಗೆ ಹೋಗಿದೆ. ಅರಗಿನ ಹುಳುವಿನಿಂದ ಬರುವ ಶೆಲ್ಲಾಕನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಉಜ್ಜಿ ಉಜ್ಜಿ ಕನ್ನಡಿಯ ಹೊಳಪು ತರುತ್ತಾರೆ. ಇಟಲಿಯವರು ಇದಕ್ಕೆ ‘ಗೊಮ್ಮಲಕ್ಕ’ ಎನ್ನುತ್ತಾರೆ. ಭಾರತದ ಕಾಡುಗಳಿಂದ ಹೋದ ಸರಕು ಅದು. ಆದರೆ ಉಜ್ಜುವ ಈ ವಿಧಾನ ಹರಡಿದ್ದು 1800ರ ನಂತರ. ಅದಕ್ಕೂ ಹಿಂದಿನ ಪೆಟ್ಟಿಗೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಆಮೇಲೆ ಯಾರೋ ಪಾಲಿಶ್ ಮಾಡಿಸಿದ್ದಾರೆ ಎಂದರ್ಥ.

ಲೆಕ್ಕಪತ್ರ
ಶೆಲ್ಲಾಕ್, ಸಾಂಡರಾಕ್ ಆಮೇಲೆ. 2,500 ಕೊಡಬೇಕೇ ಬೇಡವೇ, ಅದನ್ನು ಹೇಳಿ.

ಮಿಲಾನ್_ಕನ್ನಡತಿ
ಇಪ್ಪತ್ತು ವರ್ಷದಲ್ಲಿ ಸಾಧಾರಣ ವಾಲ್‌ನಟ್ ಪೀಠೋಪಕರಣಗಳ ಬೆಲೆ ಇಲ್ಲಿ ತೀರಾ ಕುಸಿದಿದೆ. ಹೊಸ ಮನೆಗಳು ಚಿಕ್ಕವು, ಹೊಸ ದಂಪತಿಗಳಿಗೆ ಕಪ್ಪು ಮರ ಬೇಡ. ನಿಮ್ಮ ಊರಿನಲ್ಲೇ ತಿಂಗಳ ಎರಡನೆಯ ಭಾನುವಾರ ಹಳೆಯ ಸಾಮಾನುಗಳ ಗ್ರಾನ್ ಬಲೋನ್ ಸಂತೆ ನಡೆಯುತ್ತದೆ. ಅರೆತ್ಸೊ ಊರಿನಲ್ಲಿ ತಿಂಗಳ ಮೊದಲ ಭಾನುವಾರ ಮತ್ತು ಹಿಂದಿನ ದಿನ, 1968ರಿಂದ. ಎರಡು ಸಂತೆ ಸುತ್ತಿ ಬೆಲೆ ಕೇಳಿ, ಆಮೇಲೆ ಮಾತಾಡಿ.

ಟ್ಯೂರಿನ್_ವಾಸಿ
ಈ ಶನಿವಾರ ಹಳ್ಳಿಗೆ ಹೋಗಿ ಬಂದೆವು. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನೋಡಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಡ್ರಾಯರಿನ ಮೂಲೆಗಳಲ್ಲಿ ಪಾರಿವಾಳದ ಬಾಲದಂಥ ಹಲ್ಲುಗಳು ಒಂದರೊಳಗೊಂದು ಕೂತಿವೆ. ಹಲ್ಲುಗಳ ಅಗಲ ಒಂದೇ ಸಮ ಇಲ್ಲ. ಪಕ್ಕದಲ್ಲಿ ಮೊಳೆಯಿಂದ ಗೀರಿದ ಗೆರೆ ಕಾಣುತ್ತದೆ. ಒಳಮರ ಬಿಳಿಚಿಕೊಂಡ ಹಗುರ ಮರ. ಬೆನ್ನಿನ ಹಲಗೆಗಳ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು, ಸಮದೂರದಲ್ಲಿ. ಹಿಡಿಕೆಗಳ ಹಿಂದೆ ಬೇರೆ ತೂತುಗಳಿಲ್ಲ. ಎಡಗಾಲಿನ ಬಳಿ ಪದರದ ಚಕ್ಕೆ ಎದ್ದಿದೆ, ಸ್ಕೇಲ್ ಇಟ್ಟು ನೋಡಿದೆ, ಒಂದು ಮಿಲಿಮೀಟರ್ ಕೂಡ ಇಲ್ಲ. ಕೆಳಗಿನ ಡ್ರಾಯರಿಗೆ ಹಳೆಯ ಪತ್ರಿಕೆ ಹಾಸಿದ್ದಾರೆ, 1911ರದ್ದು.

ಲೆಕ್ಕಪತ್ರ
1911! ಅಂದರೆ ಆ ವರ್ಷ ಮಾಡಿದ್ದು.

ಇತಿಹಾಸ_ಪ್ರಿಯೆ
ಇಲ್ಲ. ಪತ್ರಿಕೆಯನ್ನು ಯಾವಾಗ ಬೇಕಾದರೂ ಹಾಸಬಹುದು. ಹಳೆಯ ಪೆಟ್ಟಿಗೆಗೆ ಹೊಸ ಪತ್ರಿಕೆ ಹಾಸುತ್ತಾರೆ, ಹೊಸ ಪೆಟ್ಟಿಗೆಗೆ ಅಟ್ಟದ ಮೇಲಿದ್ದ ಹಳೆಯ ಪತ್ರಿಕೆಯನ್ನೂ ಹಾಸುತ್ತಾರೆ. ಅದರಿಂದ ಪೆಟ್ಟಿಗೆಯ ವಯಸ್ಸು ತಿಳಿಯುವುದಿಲ್ಲ. ಆದರೆ ಎಸೆಯಬೇಡಿ. 1911ರಲ್ಲಿ ಟ್ಯೂರಿನ್‌ನಲ್ಲಿ ದೊಡ್ಡ ಅಂತರರಾಷ್ಟ್ರೀಯ ಪ್ರದರ್ಶನ ನಡೆದಿತ್ತು, ಅದರ ಸುದ್ದಿ ಇದೆಯೇ ನೋಡಿ.

ಹಳೆಯ_ಗರಗಸ
ಬಾಗಿದ ಗೆರೆಗಳೇ ಎಲ್ಲವನ್ನೂ ಹೇಳುತ್ತಿವೆ. ಕೈಗರಗಸದ ಗೆರೆ ನೇರ, ಏರುಪೇರು. ಸಮದೂರದ ಬಿಲ್ಲುಗೆರೆ ಬಿಡುವುದು ತಿರುಗುವ ದುಂಡು ಗರಗಸ. 1700ರ ಹಳ್ಳಿಯ ಬಡಗಿಯ ಬಳಿ ಅದು ಇರಲಿಲ್ಲ. ಬೆನ್ನಿನ ಹಲಗೆ ಮಾತ್ರ ಬದಲಾಯಿಸಿರಬಹುದಲ್ಲ ಎಂದು ಕೇಳಬಹುದು. ಆದರೆ ಮುಂಭಾಗದ ಪದರವೂ ಯಂತ್ರದ್ದೇ ಆದಾಗ ಆ ವಾದ ನಿಲ್ಲುವುದಿಲ್ಲ. ಹಿಡಿಕೆಗೆ ಬೇರೆ ತೂತಿಲ್ಲ, ಅಂದರೆ ಹಿಡಿಕೆ ಬದಲಾಯಿಸಿದ ಗುರುತಿಲ್ಲ. ಹಲ್ಲುಗಳ ಅಗಲ ಏರುಪೇರು, ಗೀರಿದ ಗೆರೆಯೂ ಇದೆ, ಅಂದರೆ ಹಲ್ಲು ಮಾತ್ರ ಬಡಗಿ ಕೈಯಿಂದಲೇ ಕೊಯ್ದಿದ್ದಾನೆ. ಫೋಟೊ ಇಲ್ಲದೆ ಇಷ್ಟು ಹೇಳಬಲ್ಲೆ: 1880ರಿಂದ 1910ರ ನಡುವೆ, ಹಳೆಯ ರೂಪವನ್ನು ಪ್ರೀತಿಸಿದ ಒಬ್ಬ ಒಳ್ಳೆಯ ಬಡಗಿ ಮಾಡಿದ್ದು. ಆಗ ಇಟಲಿಯಲ್ಲಿ ಹಿಂದಿನ ಎಲ್ಲ ಶೈಲಿಗಳೂ ಮರಳಿ ಬಂದಿದ್ದವು.

ಲೆಕ್ಕಪತ್ರ
ಅಂದರೆ ನಕಲು. ಬಿಟ್ಟುಬಿಡಿ ಮೇಡಂ.

ಬೀಟೆ_ಕೆಲಸಗಾರ
ನಕಲು ಎನ್ನಬೇಡಿ ಸ್ವಾಮಿ. ನಮ್ಮ ತಂದೆ ಅವರ ತಂದೆಯ ನಕ್ಷೆಯಲ್ಲೇ ಕೆಲಸ ಮಾಡಿದರು, ನಾನೂ ಅದನ್ನೇ ಮಾಡುತ್ತೇನೆ. ನಾನು ಮಾಡಿದ್ದನ್ನು ನಾನು ಮಾಡಿದ್ದೆಂದೇ ಮಾರುತ್ತೇನೆ. ಆ ಬಡಗಿಯೂ ಹಾಗೇ ಮಾರಿರಬಹುದು. ತಾರೀಖು ತಪ್ಪಾದದ್ದು ಆಮೇಲೆ, ಬಾಯಿಂದ ಬಾಯಿಗೆ. ಕೈಯಿಂದ ಹಲ್ಲು ಕೊಯ್ದು ಕೂರಿಸಿದ ಡ್ರಾಯರ್ ನೂರು ವರ್ಷದ ಮೇಲೂ ಬಿಗಿಯಾಗಿದೆ ಎಂದರೆ ಅವನಿಗೆ ಕೈ ಮುಗಿಯಬೇಕು.

ಲೆಕ್ಕಪತ್ರ
ಕೈ ಮುಗಿಯೋಣ. ಆದರೆ 1780ರ ಬೆಲೆ ಕೊಟ್ಟು ಅಲ್ಲ.

ಹಳೆಯ_ಗರಗಸ
ಇಬ್ಬರ ಮಾತೂ ಸರಿ. ಅಜ್ಜಿಗೆ ಕಂಡದ್ದನ್ನು ತೋರಿಸಿ, ಬೆಲೆ ಮಾತಾಡಿ.

ಕರಾವಳಿಯವ
ಮುಂದೆ ಊರಿಗೆ ಕಳಿಸುವ ಯೋಚನೆ ಇದೆಯೇ? ನಮ್ಮ ಮಳೆಗಾಲ ಆ ಅಂಟಿಗೆ ಆಗಿಬರುವುದಿಲ್ಲ ಎಂದು ಕೇಳಿದ್ದೇನೆ.

ಹಳೆಯ_ಗರಗಸ
ನಿಜ. ಹಿಂದೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟನ್ನೇ ಬಳಸುತ್ತಿದ್ದರು. ತೇವಕ್ಕೆ ಅದು ಸಡಿಲಾಗುತ್ತದೆ, ಮೇಲಿನ ಪದರ ಗುಳ್ಳೆಯೇಳುತ್ತದೆ. ಒಳ್ಳೆಯ ಗುಣವೂ ಅದೇ: ಬಿಸಿ ಕೊಟ್ಟು ಬಿಚ್ಚಿ ಮತ್ತೆ ಅಂಟಿಸಬಹುದು. ಮಂಗಳೂರಿನ ಆಷಾಢಕ್ಕೆ ಇದನ್ನು ಒಡ್ಡಬೇಡಿ.

ಮಿಲಾನ್_ಕನ್ನಡತಿ
ಕಾನೂನೂ ಇದೆ. 70 ವರ್ಷಕ್ಕಿಂತ ಹಳೆಯ ಇಂಥ ವಸ್ತುವನ್ನು ಇಟಲಿಯಿಂದ ಹೊರಗೆ ಒಯ್ಯಬೇಕೆಂದರೆ ಸರ್ಕಾರದ ರಫ್ತು ಕಚೇರಿಗೆ ತಿಳಿಸಬೇಕು. 2017ರ ತಿದ್ದುಪಡಿಯ ನಂತರ 13,500 ಯೂರೊಗಿಂತ ಕಡಿಮೆ ಬೆಲೆಯದ್ದಾದರೆ ಸ್ವಯಂಘೋಷಣೆಯ ದಾರಿ ಇದೆ. ಸಾಗಣೆಯವರು ‘ಏನೂ ಬೇಡ’ ಎಂದರೆ ನಂಬಬೇಡಿ. ನನಗೆ ಹಾಗೆ ಹೇಳಿದವರೊಬ್ಬರಿಂದ ಒಂದು ಕನ್ನಡಿ ನಾಲ್ಕು ತಿಂಗಳು ಗೋದಾಮಿನಲ್ಲೇ ಉಳಿಯಿತು.

ಟ್ಯೂರಿನ್_ವಾಸಿ
ಎಲ್ಲರಿಗೂ ತುಂಬಾ ಧನ್ಯವಾದ. ಅಜ್ಜಿಯನ್ನು ಕೂರಿಸಿ, ಟಾರ್ಚ್ ಬೆಳಕಿನಲ್ಲಿ ಬಿಲ್ಲುಗೆರೆಗಳನ್ನು ತೋರಿಸಿದೆ. ಬೇಸರವಾಗುತ್ತದೇನೋ ಎಂದು ಹೆದರಿದ್ದೆ. ಅವರು ತುಂಬ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದು ನನ್ನ ಅಜ್ಜಿಯ ಮದುವೆಗೇ ಮಾಡಿಸಿದ್ದು’ ಎಂದರು. ಅವರ ಅಜ್ಜಿಯ ಮದುವೆ 1890ರ ಆಸುಪಾಸಿನಲ್ಲಿ ಆಗಿತ್ತಂತೆ. ಸೆಟ್ಟೆಚೆಂಟೊ ಎಂಬ ಮಾತನ್ನು ಮನೆಗೆ ತಂದವರು ಅವರ ಮಾವ.

ಬೆಲೆ 900 ಯೂರೊಗೆ ಇಳಿಯಿತು. ಪತ್ರಿಕೆಯನ್ನು ಅವರೇ ಇಟ್ಟುಕೊಂಡರು. ಪೆಟ್ಟಿಗೆ ನಿನ್ನೆ ಮನೆಗೆ ಬಂತು, ಊರಿಗೆ ಕಳಿಸುವುದಿಲ್ಲ. ಮೇಲಿನ ಡ್ರಾಯರ್ ಮಾತ್ರ ಅರ್ಧಕ್ಕೆ ಬಂದು ಹಿಡಿದುಕೊಳ್ಳುತ್ತದೆ. ತೋಪಡ ಹಿಡಿಸಿ ಸ್ವಲ್ಪ ಕೀಸಿಸಲೇ?

ಹಳೆಯ_ಗರಗಸ
ಬೇಡ, ಬೇಡ! ಇದು ಅಲ್ಲಿನ ಬೇಸಿಗೆಯ ತೇವಕ್ಕೆ ಉಬ್ಬಿದ ಮರ, ಚಳಿಗಾಲದಲ್ಲಿ ತಾನೇ ಇಳಿಯುತ್ತದೆ. ಡ್ರಾಯರ್ ಹೊರಗೆಳೆದು, ಅದು ಜಾರುವ ಎರಡೂ ಪಟ್ಟಿಗಳ ಮೇಲೆ ಬಿಳಿ ಮೇಣದಬತ್ತಿಯನ್ನು ಕರಗಿಸದೆ ಹಾಗೆಯೇ ಉಜ್ಜಿ. ಎಣ್ಣೆ ಹಾಕಬೇಡಿ.

ಟ್ಯೂರಿನ್_ವಾಸಿ
ಉಜ್ಜಿದೆ. ಒಂದೇ ಬೆರಳಿಗೆ ಬರುತ್ತಿದೆ.